ಅಳಿಯನ ಕೂಣಿಗೆ ಬಿದ್ದ ಕಾಟ್ಲಾ

ಸೊರಬ, ಸಾಗರ, ಶಿಕಾರಿಪುರ ಕಡೆಯವರಿಗೆ ಕೆರೆಬೇಟೆ ಅಂದರೆ ಏನು ಅಂತ ಹೇಳೋದು ಬೇಡ. ಉಳಿದವರಿಗಾಗಿ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಮೊದಲು, ಊರ ಕೆರೆಯ ನೀರು ತೊಡೆ ಮಟ್ಟಕ್ಕೋ ಸೊಂಟದ ಮಟ್ಟಕ್ಕೋ ಇಳಿದಿರುತ್ತದೆ. ಆಗ ಊರಿನವರು ಸೇರಿ ಒಂದು ದಿನ ಗೊತ್ತು ಮಾಡುತ್ತಾರೆ. ಸುತ್ತಲಿನ ಹಳ್ಳಿಗಳಿಗೆಲ್ಲ ಸುದ್ದಿ ಹೋಗುತ್ತದೆ. ಮೊದಲು ಡಂಗುರ, ಈಗ ವಾಟ್ಸಾಪ್. ಬಂದವರು ಒಂದು ಕೂಣಿಗೆ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿಗೆ, ಇಷ್ಟು ಅಂತ ದುಡ್ಡು ಕಟ್ಟಿ, ಚೀಟಿ ತಗೊಂಡು, ಎಲ್ಲರೂ ಒಟ್ಟಿಗೆ ಕೆರೆಗೆ ಇಳಿಯುತ್ತಾರೆ. ಬಲೆ ಇಲ್ಲ, ಗಾಳ ಇಲ್ಲ. ಕೂಣಿ ಒಂದೇ. ಅವರವರ ಕೂಣಿಗೆ ಬಿದ್ದದ್ದು ಅವರವರದು. ಏನೂ ಬೀಳದಿದ್ದರೆ, ಕಟ್ಟಿದ ದುಡ್ಡು ಊರ ದೇವಸ್ಥಾನಕ್ಕೆ ಕೊಟ್ಟ ಕಾಣಿಕೆ ಅಂದುಕೊಂಡು ಮನೆಗೆ ಹೋಗಬೇಕು.

ನಾನು ಶಿವಮೊಗ್ಗ ಪೇಟೆಯವನು. ಮೀನಿನ ಹುಚ್ಚು ಮೊದಲಿಂದಲೂ ಇತ್ತು. ಆದರೆ ಹಿಡಿದದ್ದೆಲ್ಲ ಬೆರಳುದ್ದದವು. ತುಂಗೆಯ ದಡದಲ್ಲಿ ಎರೆಹುಳ ಚುಚ್ಚಿದ ಗಾಳ ಹಾಕಿಕೊಂಡು ಮಧ್ಯಾಹ್ನವೆಲ್ಲ ಕೂರುವುದು, ಸಂಜೆಗೆ ಬೆಕ್ಕಿಗೂ ಸಾಲದಷ್ಟು ತಗೊಂಡು ಬರುವುದು. ದೊಡ್ಡ ಮೀನು ಅಂತ ಹತ್ತಿರದಿಂದ ನೋಡಿದ್ದು ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ. ಅದು ಮತ್ಸ್ಯಧಾಮ. ಅಲ್ಲಿ ಮಂಡಕ್ಕಿ ಎಸೆದರೆ ತೋಳುದ್ದದ ಮೀನುಗಳು ಕಾಲ ಬುಡಕ್ಕೇ ಬಂದು ಬಾಯಿ ತೆರೆಯುತ್ತವೆ. ದೇವರ ಮೀನು, ಯಾರೂ ಮುಟ್ಟುವ ಹಾಗಿಲ್ಲ. ಶೃಂಗೇರಿಯಲ್ಲೂ ಅದೇ. ನೋಡಬೇಕು, ಕೈ ಮುಗಿಯಬೇಕು, ಬರಬೇಕು. ಹಾಗಾಗಿ ದೊಡ್ಡ ಮೀನು ಕೈಗೆ ಸಿಕ್ಕರೆ ಹೇಗಿರುತ್ತದೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಹೆಂಡತಿಯ ತವರು ಆನವಟ್ಟಿ ಕಡೆ. ಶಿಕಾರಿಪುರ, ಶಿರಾಳಕೊಪ್ಪ ದಾಟಿ ಹೋಗಬೇಕು. ಆ ದಾರಿಯುದ್ದಕ್ಕೂ ಎಡಕ್ಕೊಂದು ಬಲಕ್ಕೊಂದು ಕೆರೆ. ಮಲೆನಾಡು ಅಂದ ಕೂಡಲೇ ಜನಕ್ಕೆ ಆಗುಂಬೆಯ ಮಳೆ, ಜೋಗದ ಗುಂಡಿ ನೆನಪಾಗುತ್ತೆ. ಈ ಕಡೆ ಹಾಗಲ್ಲ. ಕಾಡು ತೆಳ್ಳಗಾಗುತ್ತಾ ಬಯಲು ಶುರುವಾಗುವ ಜಾಗ. ಮಳೆ ಬಂದಾಗ ಹಿಡಿದಿಟ್ಟುಕೊಳ್ಳದಿದ್ದರೆ ಗದ್ದೆಗೆ ನೀರಿಲ್ಲ. ಅದಕ್ಕೇ ಹಿಂದಿನವರು ಊರಿಗೊಂದು ಕೆರೆ ಕಟ್ಟಿದರು. ಕೆಲವು ಊರಿಗೆ ಎರಡು, ಮೂರು. ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಬೇಟೆ.

ಭಾಮೈದ ಫೋನ್ ಮಾಡಿ, 'ಭಾವ, ಭಾನುವಾರ ನಮ್ಮೂರ ಕೆರೆಬೇಟೆ. ಅಪ್ಪ ನಿಮಗೊಂದು ಕೂಣಿ ತೆಗೆದಿಟ್ಟಾರೆ' ಅಂದ. ಹೆಂಡತಿ ನಕ್ಕಳು. 'ಹೋಗಿ ಬನ್ನಿ. ಬರೋವಾಗ ಶಿರಾಳಕೊಪ್ಪದಲ್ಲಿ ಮೀನು ಕೊಂಡ್ಕೊಂಡು ಬಂದರೂ ನಾನೇನೂ ಕೇಳಲ್ಲ' ಅಂದಳು.

ಶನಿವಾರ ರಾತ್ರಿ ಮಾವ ಅಟ್ಟದಿಂದ ಕೂಣಿ ಇಳಿಸಿದರು. ಕೂಣಿ ಅಂದರೆ ಬಿದಿರಿನ ಸೀಳುಗಳಿಂದ ಹೆಣೆದ, ಎರಡೂ ಕಡೆ ಬಾಯಿರುವ ಬುಟ್ಟಿ. ಕೆಳಗಿನ ಬಾಯಿ ಅಗಲ, ಎರಡು ಅಡಿಗಿಂತ ಜಾಸ್ತಿ. ಮೇಲಿನದು ಕಿರಿದು, ಒಂದು ತೋಳು ಸಲೀಸಾಗಿ ಒಳಗೆ ಹೋಗಿ ಬರುವಷ್ಟು. ಸೀಳುಗಳ ತುದಿ ಕೆಳಗೆ ಚೂಪಾಗಿರುತ್ತದೆ, ಕೆಸರಿಗೆ ಊರಲಿ ಅಂತ. ಈ ಕೂಣಿ ಹೊಗೆ ಕುಡಿದು ಕುಡಿದು ಕಪ್ಪಾಗಿತ್ತು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬಿದಿರಿಗೆ ಹುಳ ಹಿಡಿಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಗ್ಯಾಸ್ ಒಲೆ ಬಂದ ಮನೆಗಳಲ್ಲಿ ಕೂಣಿಗಳು ಪುಡಿ ಉದುರಿಸಿಕೊಂಡು ಹಾಳಾಗುತ್ತಿವೆ ಅಂತ ಮಾವನ ದೂರು. ಅತ್ತೆಯ ಮನೆಯಲ್ಲಿ ಗ್ಯಾಸ್ ಇದ್ದರೂ ಹಿಂದಿನ ಒಲೆ ಆರಿಲ್ಲ. ಬಚ್ಚಲಿಗೆ ಬೇರೆ, ಮೀನಿಗೆ ಬೇರೆ, ಹೀಗೆ ಒಲೆಗಳ ಲೆಕ್ಕ ಅವರದ್ದೇ.

ಅಂಗಳದಲ್ಲೇ ಪಾಠ ಆಯಿತು. 'ಎರಡೂ ಕೈಲಿ ಹಿಡೀರಿ ಅಳಿಯಂದ್ರೆ. ಮುಂದಕ್ಕೆ ಊರಿ, ಎತ್ತಿ, ಮತ್ತೆ ಊರಿ. ನೀರು ನೋಡ್ತಾ ನಿಂತ್ರೆ ಮೀನು ಸಿಗಲ್ಲ. ಒಳಗೆ ಏನಾದ್ರೂ ಸಿಕ್ತು ಅಂದ್ರೆ ಕೂಣಿಗೆ ಬಡಿಯುತ್ತೆ, ನಿಮ್ಮ ಕೈಗೆ ಗೊತ್ತಾಗುತ್ತೆ. ಆಗ ಎದೆಭಾರ ಹಾಕಿ ಒತ್ತಿ ಹಿಡ್ಕಂಡು ಮೇಲಿಂದ ಕೈ ಬಿಡಿ.' ಕೈ ಬಿಡುವುದು ಅಂದಾಗ ನನ್ನ ಮುಖ ನೋಡಿ ಭಾಮೈದ ಸೇರಿಸಿದ. 'ಚೇಳು ಇದ್ರೆ ಮಾತ್ರ ನೋಡ್ಕಂಡು.' ಚೇಳು ಅಂದರೆ ಚೇಳು ಮೀನು. ಎದೆಯ ಹತ್ತಿರದ ಎರಡು ರೆಕ್ಕೆಗಳಲ್ಲಿ ಮುಳ್ಳಿರುತ್ತದೆ, ಅದರಲ್ಲಿ ವಿಷ. ಚುಚ್ಚಿದರೆ ಪ್ರಾಣವೇನೂ ಹೋಗುವುದಿಲ್ಲ. ಆದರೆ ಹೋದರೆ ಸಾಕಪ್ಪ ಅನ್ನಿಸುವಷ್ಟು ಉರಿಯುತ್ತದೆ ಅಂತ ಚುಚ್ಚಿಸಿಕೊಂಡವರು ಹೇಳುತ್ತಾರೆ.

ಭಾನುವಾರ ಬೆಳಗ್ಗೆ ಕೆರೆ ಏರಿಯ ಮೇಲೆ ಜಾತ್ರೆ. ಬೈಕು, ಆಟೋ, ಟ್ರ್ಯಾಕ್ಟರ್ ಟ್ರೇಲರ್ ತುಂಬ ಕೂಣಿ ಹೊತ್ತ ಜನ. ಹಾನಗಲ್ ಕಡೆಯಿಂದಲೂ ಬಂದಿದ್ದರು. ಮಂಡಕ್ಕಿ ಮಿರ್ಚಿ ಅಂಗಡಿ, ಕಲ್ಲಂಗಡಿ ಗಾಡಿ, ಐಸ್‌ಕ್ಯಾಂಡಿ. ಮೇಜು ಹಾಕಿಕೊಂಡು ಕೂತ ಸಮಿತಿಯವರು ಕೂಣಿಗೆ 600 ರೂಪಾಯಿ ತಗೊಂಡು ಚೀಟಿ ಕೊಡುತ್ತಿದ್ದರು. ಒಬ್ಬರು ಬಲೆ ಚೀಲದಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದಾರೆ ಅಂತ ಸಣ್ಣ ಗಲಾಟೆ ಆಯಿತು. ಬಲೆ ಕಿತ್ತುಕೊಂಡು ಮೇಜಿನ ಕೆಳಗೆ ಇಟ್ಟರು, ಸಂಜೆ ವಾಪಸ್ ಕೊಡುತ್ತೇವೆ ಅಂದರು. ಅಷ್ಟೇ.

ಈ ಕೆರೆಯಲ್ಲಿ ಹೋದ ವರ್ಷ ಬೇಟೆ ಆಗಿರಲಿಲ್ಲವಂತೆ. ಬೇಸಿಗೆ ಮಳೆ ಚೆನ್ನಾಗಿ ಬಿದ್ದು ನೀರು ಇಳಿಯಲೇ ಇಲ್ಲ. ಅದರ ಹಿಂದಿನ ವರ್ಷ ಬಿಟ್ಟ ಮರಿಗಳಿಗೆ ಬೆಳೆಯಲು ಒಂದು ವರ್ಷ ಪುಕ್ಕಟೆ ಸಿಕ್ಕಿತ್ತು. ಜನ ಇಷ್ಟು ಸೇರಿದ್ದಕ್ಕೆ ಅದೇ ಕಾರಣ. ಬಿಟ್ಟದ್ದು ಕಾಟ್ಲಾ, ರೋಹು, ಮೃಗಾಲ್, ಸ್ವಲ್ಪ ಹುಲ್ಲುಗೆಂಡೆ. ಇವು ಒಂದೇ ಕೆರೆಯಲ್ಲಿ ಜಗಳವಿಲ್ಲದೆ ಬೆಳೆಯುತ್ತವೆ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ, ಅದರ ಬಾಯಿಯೂ ಮೇಲಕ್ಕೆ ತಿರುಗಿದೆ. ರೋಹು ನಡುನೀರಿನದು. ಮೃಗಾಲ್ ತಳದ್ದು. ಹುಲ್ಲುಗೆಂಡೆ ಹೆಸರೇ ಹೇಳುವ ಹಾಗೆ ಜಲಸಸ್ಯ ತಿಂದುಕೊಂಡಿರುತ್ತದೆ. ಕೊರವ, ಚೇಳು, ಮುರುಗೋಡನ್ನು ಯಾರೂ ತಂದು ಬಿಡಬೇಕಿಲ್ಲ. ಅವು ಅಲ್ಲಿಯವೇ.

ಏರಿ ಮೇಲೆ ಪೂಜೆ ಆಯಿತು, ಕಾಯಿ ಒಡೆದರು. ಎಲ್ಲರೂ ಕೂಣಿ ಹಿಡಿದು ದಡದ ಸುತ್ತ ಸಾಲಾಗಿ ನಿಂತೆವು. ಒಬ್ಬ ಹುಡುಗ ಮೊದಲೇ ನೀರಿಗೆ ಕಾಲಿಟ್ಟ ಅಂತ ಬೈಗುಳ ಬಿತ್ತು. ಆಮೇಲೆ ಗರ್ನಾಲು ಸಿಡಿಯಿತು.

ಆಗಿನ ಸದ್ದು ಬರೆಯೋದು ಕಷ್ಟ. ಸಾವಿರಾರು ಕಾಲು ಒಟ್ಟಿಗೆ ನೀರಿಗೆ ಬಿದ್ದವು. ಕೂಗು, ಶಿಳ್ಳೆ, ಕೂಣಿ ನೀರಿಗೆ ಬಡಿಯುವ ದಬದಬ. ನಡುನೀರಿನಲ್ಲಿ ಮೀನುಗಳು ಎಗರತೊಡಗಿದವು. ಒಂದು ರೋಹು ಒಬ್ಬರ ಭುಜಕ್ಕೆ ಬಡಿದು, ಇನ್ನೊಬ್ಬರ ಕೂಣಿಯ ಹೊರಗೆ ಬಿದ್ದು, ಮೂರನೆಯವರ ಪಾಲಾಯಿತು. ನನ್ನ ಕಾಲು ಮೊಣಕಾಲವರೆಗೆ ಹೂಳಿನಲ್ಲಿ ಹುಗಿದುಹೋಗುತ್ತಿತ್ತು. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತಿತ್ತು. ಪಕ್ಕದ ಅಜ್ಜ ಒಬ್ಬರು ಮಾತ್ರ ಟಾರು ರಸ್ತೆ ಮೇಲೆ ಹೋಗುವ ಹಾಗೆ ಆರಾಮಾಗಿ ನಡೆಯುತ್ತಿದ್ದರು. ಅಷ್ಟರಲ್ಲೇ ಅವರ ಸೊಂಟದ ಚೀಲ ತೂಗಾಡುತ್ತಿತ್ತು.

ನಾನು ಊರಿದೆ, ಎತ್ತಿದೆ, ಊರಿದೆ, ಎತ್ತಿದೆ. ಏನೂ ಇಲ್ಲ. ಒಮ್ಮೆ ಟಕ್ ಅಂತ ಬಡಿದ ಹಾಗಾಯಿತು. ಕೈ ಹಾಕಿದರೆ ತಾವರೆ ಗೆಡ್ಡೆ. ಇನ್ನೊಮ್ಮೆ ಒಂದು ಆಮೆ. ಅದು ನನ್ನಷ್ಟೇ ಗಾಬರಿಯಾಗಿತ್ತು. ಸುತ್ತಲಿನವರೆಲ್ಲ 'ಹೋ' ಅಂತ ಕೂಗಿ ಮೀನು ಎತ್ತಿ ತೋರಿಸುವಾಗ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗಂಟೆ ಕಳೆಯುವ ಹೊತ್ತಿಗೆ ಕೆರೆ ಕೆರೆಯಾಗಿ ಉಳಿದಿರಲಿಲ್ಲ. ಬರೀ ಕೆಸರು. ಕೆರೆಬೇಟೆಯ ಗುಟ್ಟು ಇರುವುದೇ ಇಲ್ಲಿ. ಅಷ್ಟು ಜನ ತುಳಿದಾಗ ತಳದ ಹೂಳೆಲ್ಲ ಮೇಲೇಳುತ್ತದೆ. ಆ ಹೂಳು ನೀರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮೀನಿನ ಕಿವಿರಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಉಸಿರು ಕಟ್ಟಿದ ಕಾಟ್ಲಾ, ರೋಹುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಮೊದಲು ಮಿಂಚಿನಂತೆ ಓಡುತ್ತಿದ್ದವು ಆಮೇಲೆ ಮಂಕಾಗುತ್ತವೆ. ಕೊರವ, ಚೇಳು, ಮುರುಗೋಡಿಗೆ ಮಾತ್ರ ಈ ಕಷ್ಟವಿಲ್ಲ. ಅವು ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲವು. ಕೆರೆ ಬತ್ತಿದರೂ ಕೆಸರಲ್ಲಿ ಹುದುಗಿಕೊಂಡು ಮಳೆ ಬರುವವರೆಗೆ ಜೀವ ಹಿಡಿದಿರುತ್ತವೆ. ಹಾಗಾಗಿ ಆರಂಭದಲ್ಲಿ ಮೀನು ಸಿಗುವುದು ಚುರುಕಿನವರಿಗೆ. ಕೆಸರಾದ ಮೇಲೆ ತಾಳ್ಮೆ ಇದ್ದವರಿಗೆ. ಎರಡೂ ಇಲ್ಲದವರಿಗೂ ಆಗಾಗ ಸಿಗುತ್ತೆ ಅನ್ನೋದು ಮುಂದಿನ ಕಥೆ.

ಬೆನ್ನು ನೋಯುತ್ತಿತ್ತು. ಜನರ ಗುಂಪು ಬಿಟ್ಟು ತೂಬಿನ ಆಚೆ, ಜೊಂಡು ಬೆಳೆದ ಮೂಲೆಗೆ ಬಂದೆ. ಅಲ್ಲಿ ನೀರು ತೊಡೆ ಮಟ್ಟ. ಜೊಂಡಿನ ಬುಡ ಗಟ್ಟಿಯಿದ್ದುದರಿಂದ ಕಾಲು ಹೂಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂಣಿಗೆ ಒರಗಿ ನಿಂತೆ. ಆಮೇಲೆ, ನಿಂತದ್ದಕ್ಕೆ ಯಾರಾದರೂ ನಗುತ್ತಾರೆ ಅಂತ, ಒಂದು ಹೆಜ್ಜೆ ಮುಂದಿಟ್ಟು ಕೂಣಿ ಊರಿದೆ.

ಕೂಣಿ ನನ್ನ ಕೈಯಿಂದ ಹಾರಿತು.

ನಿಜವಾಗಿ. ಒಳಗಿನಿಂದ ಯಾರೋ ಒದ್ದ ಹಾಗೆ ಅದು ಅರ್ಧ ಅಡಿ ಮೇಲೆದ್ದಿತು. ಯೋಚನೆ ಮಾಡಲು ಹೊತ್ತಿರಲಿಲ್ಲ. ಎದೆಯನ್ನೇ ಅದರ ಮೇಲೆ ಹಾಕಿ ಬಿದ್ದೆ. ಕೂಣಿಯ ಬಾಯಿ ನನ್ನ ಪಕ್ಕೆಗೆ ಒತ್ತಿಕೊಂಡಿತು, ಸೀಳುಗಳು ಕೆಸರಿಗೆ ಇಳಿದವು. ಒಳಗಿದ್ದದ್ದು ಒಂದು ಸುತ್ತು ಹಾಕಿತು. ಸೀಳಿನಿಂದ ಸೀಳಿಗೆ ಅದು ಉಜ್ಜಿಕೊಂಡು ಹೋಗುವುದು ನನ್ನ ಎದೆಗೆ ಗೊತ್ತಾಗುತ್ತಿತ್ತು. ಮತ್ತೆ ಧಡ್ ಅಂತ ಬಡಿಯಿತು. ಬಿದಿರು ಚಟ್ ಅಂದಿತು. ಆಮೇಲೆ ಒಮ್ಮೆಲೇ ಸದ್ದಿಲ್ಲ.

ತಪ್ಪಿಸಿಕೊಂಡಿತು ಅಂದುಕೊಂಡೆ. ಆದರೂ ಏಳಲು ಧೈರ್ಯ ಬರಲಿಲ್ಲ. ಬಲಗೈಯನ್ನು ಮೇಲಿನ ಬಾಯಿಂದ ನಿಧಾನ ಇಳಿಸಿದೆ. ಕಪ್ಪು ನೀರು. ಮೊಣಕೈ ಮುಳುಗಿತು. ಏನೂ ಕಾಣುವುದಿಲ್ಲ, ಬೆರಳಿಗೆ ಏನು ಸಿಗುತ್ತೋ ಅದೇ ಸುದ್ದಿ. ಮೊದಲು ನೆನಪಾದದ್ದು ಚೇಳು. ಇಷ್ಟು ದೊಡ್ಡ ಚೇಳು ಇರಲ್ಲ ಅಂತ ಬುದ್ಧಿ ಹೇಳಿತು. ಬೆರಳು ಕೇಳಲಿಲ್ಲ, ಮಡಚಿಕೊಂಡವು. ಆಮೇಲೆ ನೀರು ಹಾವು ನೆನಪಾಯಿತು. ವಿಷವಿಲ್ಲದ ಹಾವು, ಆದರೆ ಕಚ್ಚುವುದರಲ್ಲಿ ಕಡಿಮೆಯೇನಿಲ್ಲ. ಇನ್ನೂ ಸ್ವಲ್ಪ ಇಳಿಸಿದೆ. ಆಗ ಅಂಗೈಗೆ ಒಂದು ಗೋಡೆ ಸಿಕ್ಕಿತು.

ಗೋಡೆ ಅಂತಲೇ ಅನ್ನಿಸಿತು. ತಣ್ಣಗೆ, ಗಟ್ಟಿಯಾಗಿ, ಅಗಲವಾಗಿ. ಕೈ ಸರಿಸಿದೆ. ಹುರುಪೆ ಹುರುಪೆ. ಒಂದೊಂದು ಹುರುಪೆ ರೂಪಾಯಿ ನಾಣ್ಯಕ್ಕಿಂತ ದೊಡ್ಡದು. ಚೇಳಿಗೂ ಮುರುಗೋಡಿಗೂ ಹುರುಪೆ ಇಲ್ಲ. ಹಾವಿಗೆ ಇಷ್ಟು ಅಗಲ ಇಲ್ಲ. ಇದು ಮೀನು. ದೊಡ್ಡ ಮೀನು. ಎಷ್ಟು ದೊಡ್ಡದು ಅಂತ ತಿಳಿಯಲು ಕೈಯನ್ನು ಮುಂದಕ್ಕೆ ಸರಿಸುತ್ತಾ ಹೋದೆ. ತಲೆ ಬರಬೇಕಿತ್ತು, ಬರಲಿಲ್ಲ. ಇನ್ನೂ ಮೈ, ಇನ್ನೂ ಮೈ. ಅಷ್ಟು ಹೊತ್ತು ಆ ಮೀನು ಅಲ್ಲಾಡದೆ ನಿಂತಿತ್ತು. ನಾನೂ ಉಸಿರು ಬಿಟ್ಟಿರಲಿಲ್ಲ.

ಆಮೇಲೆ ಎಷ್ಟೋ ಜನ ಕೇಳಿದರು, ಹೇಗನ್ನಿಸ್ತು ಅಂತ. ಮೀನು ಎತ್ತಿ ತೋರಿಸಿದಾಗಿನ ಖುಷಿ ಎಲ್ಲರಿಗೂ ಗೊತ್ತಾಗುತ್ತೆ, ಅದಕ್ಕೆ ಫೋಟೋ ಇದೆ. ಆದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುವುದು ಫೋಟೋ ನೋಡಿದಾಗಲ್ಲ. ಕಣ್ಣಿಗೆ ಬೀಳುವ ಮೊದಲು, ಬರೀ ಅಂಗೈಗೆ ಮಾತ್ರ ಗೊತ್ತಿದ್ದ ಆ ಒಂದಿಷ್ಟು ಹೊತ್ತು ನೆನಪಾದಾಗ. ಗಾಳದಲ್ಲಿ ದಾರ ಇರುತ್ತೆ, ಕಡ್ಡಿ ಇರುತ್ತೆ, ನಡುವೆ ದೂರ ಇರುತ್ತೆ. ಇಲ್ಲಿ ನಡುವೆ ಏನೂ ಇಲ್ಲ.

ಕೊನೆಗೂ ತಲೆ ಸಿಕ್ಕಿತು. ತಲೆ ಅಂದರೆ ತಲೆ. ನನ್ನ ಹಸ್ತ ಪೂರ್ತಿ ಅಗಲಿಸಿದರೂ ಹಿಡಿಗೆ ಸಿಗಲಿಲ್ಲ. ಅದನ್ನು ಮುಟ್ಟಿದ್ದೇ ತಡ, ಮೀನಿಗೆ ಮತ್ತೆ ಜೀವ ಬಂತು. ಬಾಲ ಬೀಸಿದ ರಭಸಕ್ಕೆ ಮುಖದ ತುಂಬ ಕೆಸರು. ಬಾಯಿಗೂ ಹೋಯಿತು. ನಾನು ಕೂಗಿದೆ. ಏನಂತ ಕೂಗಿದೆನೋ ಗೊತ್ತಿಲ್ಲ. ಭಾಮೈದ ಪ್ರಕಾರ 'ಅಯ್ಯಯ್ಯೋ ಬಾರೋ' ಅಂತ. ಅವನು ಎಲ್ಲಿದ್ದನೋ, ನೀರು ಸೀಳಿಕೊಂಡು ಬಂದ.

'ಕಿವಿರಿಗೆ ಬೆರಳು ಹಾಕಿ ಭಾವ! ಮೈ ಹಿಡೀಬೇಡಿ, ಜಾರುತ್ತೆ! ಕಿವಿರು, ಕಿವಿರು!'

ಕಿವಿರಿನ ಮುಚ್ಚಳ ಹುಡುಕಿ ಒಳಗೆ ನಾಲ್ಕೂ ಬೆರಳು ತೂರಿಸಿದೆ. ಒಳಗೆ ಬಾಚಣಿಗೆ ಹಲ್ಲಿನ ಹಾಗೆ ಸಾಲು ಸಾಲು. ಬೆರಳು ತರಚಿತು. ಬಿಡಲಿಲ್ಲ. ಮೇಲಕ್ಕೆ ಎಳೆದೆ. ತಲೆ ಕೂಣಿಯ ಮೇಲಿನ ಬಾಯಿಗೆ ಬಂದು ಸಿಕ್ಕಿಹಾಕಿಕೊಂಡಿತು.

ಬಾಯಿ ಸಣ್ಣದು, ಮೀನು ದೊಡ್ಡದು. ಹೊರಗೆ ಬರುವುದಿಲ್ಲ. ಕೂಣಿ ಎತ್ತಿದರೆ ಕೆಳಗಿಂದ ಹೋಗುತ್ತದೆ. ನನ್ನ ಕೈ ಒಳಗೆ, ಎದೆ ಮೇಲೆ, ಮೀನು ಬಡಿಯುತ್ತಲೇ ಇದೆ. ಅಷ್ಟರಲ್ಲಿ ಸುತ್ತ ಏಳೆಂಟು ಜನ ಸೇರಿದ್ದರು. ಎಲ್ಲರೂ ಸಲಹೆ ಕೊಡುವವರೇ. 'ಅಡ್ಡ ಮಲಗ್ಸಿ!' 'ಏ, ಮಲಗ್ಸಬೇಡ್ರೀ, ಹೋಯ್ತದೆ!' 'ತಲೆಗೊಂದು ಹೊಡೀರಿ ಮಾರಾಯ್ರೆ!' ಯಾವ ಕೈಯಲ್ಲಿ ಹೊಡೆಯೋದು? ಅದೇ ಹೊತ್ತಿಗೆ ಆ ಅಜ್ಜ ಬಂದರು, ಟಾರು ರಸ್ತೆ ಅಜ್ಜ. ಏನೂ ಮಾತಾಡದೆ ತಮ್ಮ ಸೊಂಟದಲ್ಲಿ ಸುತ್ತಿಕೊಂಡಿದ್ದ ಖಾಲಿ ಯೂರಿಯಾ ಚೀಲ ಬಿಚ್ಚಿ ಭಾಮೈದನ ಕೈಗೆ ಕೊಟ್ಟರು. ಕೂಣಿಯ ಕೆಳಗಿನ ಬಾಯಿ ಕಡೆ ಬೆರಳು ತೋರಿಸಿದರು.

ಭಾಮೈದ ನೀರಲ್ಲಿ ಕುತ್ತಿಗೆವರೆಗೆ ಕೂತ. ನಾನು ಕೂಣಿಯನ್ನು ಒಂದು ಪಕ್ಕಕ್ಕೆ ನಾಲ್ಕು ಬೆರಳಷ್ಟು ಎತ್ತಿದೆ. ಅವನು ಆ ಸಂದಿಯಲ್ಲಿ ಚೀಲ ಒಳಗೆ ತಳ್ಳಿ, ಕೂಣಿಯ ಬಾಯಿಗೆ ಅಡ್ಡಲಾಗಿ ಎಳೆದು ಹಿಡಿದ. ಇನ್ನಿಬ್ಬರು ಆಚೆ ತುದಿ ಹಿಡಿದರು. 'ಹ್ಞೂಂ' ಅಂದರು ಅಜ್ಜ. ಎಲ್ಲರೂ ಒಟ್ಟಿಗೆ ಎತ್ತಿದೆವು. ಕೂಣಿ, ಚೀಲ, ಮೀನು, ಮೀನಿನ ಕಿವಿರಲ್ಲಿ ಸಿಕ್ಕಿಕೊಂಡ ನನ್ನ ಕೈ. ಹಾಗೇ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಮೆರವಣಿಗೆ ದಡಕ್ಕೆ ಹೋಯಿತು. ಒಣ ನೆಲದ ಮೇಲೆ ಕೂಣಿ ತೆಗೆದಾಗ ಮೊದಲ ಸಲ ಕಣ್ಣಿಗೆ ಬಿತ್ತು. ಕಾಟ್ಲಾ. ಬೆನ್ನು ಬೂದುಗಪ್ಪು, ಹೊಟ್ಟೆ ಬೆಳ್ಳಿ. ಕೆಳದವಡೆ ಮುಂದೆ ಚಾಚಿ ಯಾರ ಮೇಲೋ ಸಿಟ್ಟು ಮಾಡಿಕೊಂಡ ಮುಖ. ಮಧ್ಯಾಹ್ನದ ಬಿಸಿಲಿಗೆ ಹುರುಪೆಗಳು ಹೊಳೆಯುತ್ತಿದ್ದವು.

ಮಾವ ಬಂದು ಸುತ್ತ ಒಂದು ಸಲ ನಡೆದು ನೋಡಿದರು. ನನ್ನ ಬೆನ್ನು ತಟ್ಟಲಿಲ್ಲ, ಮೊದಲು ಕೂಣಿ ನೋಡಿದರು. ಎರಡು ಸೀಳು ಮುರಿದಿತ್ತು. ಆಮೇಲೆ ಹೇಳಿದರು. 'ನಡುನೀರಲ್ಲಿ ಜನ ತುಳಿದ್ರೆ ದೊಡ್ಡವು ಅಂಚಿಗೆ ಬರ್ತವೆ. ಜೊಂಡಿನ ಕಡೆ ಹೋಗಿದ್ದು ಒಳ್ಳೇದಾತು.' ಇದನ್ನು ನಿನ್ನೆ ರಾತ್ರಿಯೇ ಹೇಳಬಹುದಿತ್ತಲ್ಲ ಅನ್ನಿಸಿತು. ಮಾವನಿಗೆ ಹಾಗೆಲ್ಲ ಕೇಳೋಕಾಗುತ್ತಾ? ನಾನು ಗೊತ್ತಿದ್ದೇ ಹೋದವನ ಹಾಗೆ ತಲೆಯಾಡಿಸಿದೆ.

ಏರಿ ಮೇಲೆ ತಕ್ಕಡಿ ಇಟ್ಟುಕೊಂಡಿದ್ದ ಮೀನು ವ್ಯಾಪಾರಿಯ ಹತ್ತಿರ ತೂಗಿಸಿದೆವು. ಆರು ಕಿಲೋ ನಾನೂರು ಗ್ರಾಂ. ಆ ದಿನದ ಅತಿ ದೊಡ್ಡದೇನಲ್ಲ. ಬೇರೆಯವರೊಬ್ಬರಿಗೆ ಇದಕ್ಕಿಂತ ದೊಡ್ಡ ಹುಲ್ಲುಗೆಂಡೆ ಸಿಕ್ಕಿತ್ತು. ಆದರೆ ಏರಿ ಮೇಲೆ ಸುದ್ದಿ ಆದದ್ದು ಮಾತ್ರ ಪೇಟೆ ಅಳಿಯನ ಕಾಟ್ಲಾ. ವ್ಯಾಪಾರಿ ಅಲ್ಲೇ ದುಡ್ಡು ಎಣಿಸಲು ಹೊರಟ. ಮಾವ ಅವನ ಕಡೆ ನೋಡಿದ ನೋಟಕ್ಕೆ ದುಡ್ಡು ಜೇಬಿಗೆ ವಾಪಸ್ ಹೋಯಿತು.

ಆ ಹೊತ್ತಿಗೆ ಭಾಮೈದನ ಗೆಳೆಯನೊಬ್ಬನಿಗೆ ಚೇಳು ಚುಚ್ಚಿತ್ತು. ಹೆಬ್ಬೆರಳು ಹಿಡಿದುಕೊಂಡು ಕುಣಿಯುತ್ತಿದ್ದ. ಮಿರ್ಚಿ ಅಂಗಡಿಯ ಪಕ್ಕದ ಚಹಾದವಳು ಒಂದು ಲೋಟ ಬಿಸಿನೀರು ಕೊಟ್ಟಳು. ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ ಬೆರಳು ಅದ್ದಿಕೊಂಡು ಕೂತರೆ ನೋವು ಇಳಿಯುತ್ತದೆ, ಆ ವಿಷಕ್ಕೆ ಶಾಖ ಆಗುವುದಿಲ್ಲ. ಊದಿಕೊಂಡೇ ಇದ್ದರೆ ಅಥವಾ ಮುಳ್ಳು ಒಳಗೆ ಮುರಿದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಅವನು ಅರ್ಧ ಗಂಟೆಯಲ್ಲಿ ಮತ್ತೆ ಕೆರೆಗಿಳಿದ.

ಮನೆಗೆ ಬಂದ ಮೇಲೆ ಕೆಲಸ ಶುರು. ದೊಡ್ಡ ಮೀನು ಹಿಡಿದವರು ಅದನ್ನು ಕ್ಲೀನ್ ಮಾಡುವ ಬಗ್ಗೆ ಯಾಕೆ ಮಾತಾಡುವುದಿಲ್ಲವೋ. ಹುರುಪೆ ಕೆರೆದದ್ದು ಬಾವಿಕಟ್ಟೆಯ ಸುತ್ತ ಎಲ್ಲೆಲ್ಲೂ ಹಾರಿತ್ತು. ಮಾರನೇ ದಿನ ನನ್ನ ಕಿವಿಯಲ್ಲೂ ಒಂದು ಸಿಕ್ಕಿತು. ಅತ್ತೆ ಮೆಟ್ಟುಗತ್ತಿ ಮೇಲೆ ಕೂತು ತಲೆ ಬೇರೆ ಮಾಡಲು ನಮ್ಮಿಬ್ಬರ ಸಹಾಯ ಬೇಕಾಯಿತು. ಹೊಟ್ಟೆ ಸೀಳಿದಾಗ ಎರಡು ಹಿಡಿ ಮೊಟ್ಟೆ. ನನಗೆ ಒಂಥರಾ ಆಯಿತು. 'ಮೊಟ್ಟೆ ಮೀನನ್ನ ಹಿಡಿದ್ವಲ್ಲ' ಅಂದೆ.

ಭಾಮೈದ ಮೀನುಗಾರಿಕೆಯ ತರಬೇತಿಗೆ ಹೋಗಿ ಬಂದವನು. 'ಭಾವ, ಇದು ಈ ಕೆರೆಯಲ್ಲಿ ಮರಿ ಮಾಡಲ್ಲ' ಅಂದ. ಕಾಟ್ಲಾ ನಮ್ಮ ಹೊಳೆಯ ಮೀನೇ ಅಲ್ಲ, ಮೂಲತಃ ಗಂಗಾ ಬಯಲಿನ ಕಡೆಯದು. ಹೊಟ್ಟೆಯಲ್ಲಿ ಮೊಟ್ಟೆ ಕಟ್ಟುತ್ತದೆ, ಆದರೆ ಇಡಲು ಹರಿಯುವ ನೆರೆನೀರು ಬೇಕು. ನಿಂತ ಕೆರೆಯಲ್ಲಿ ಇಡುವುದಿಲ್ಲ. ಅದಕ್ಕೇ ಪ್ರತಿ ಸಲ ಮರಿ ತಂದು ಬಿಡಬೇಕು. ಆ ಮರಿಗಳು ಬರುವುದು ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುವ ಕೇಂದ್ರಗಳಿಂದ. ಹೀರಾಲಾಲ್ ಚೌಧುರಿ ಅನ್ನುವ ವಿಜ್ಞಾನಿ 1957ರ ಜುಲೈ 10ರಂದು ಗೆಂಡೆ ಜಾತಿಯ ಮೀನಿಗೆ ಹೀಗೆ ಮೊಟ್ಟೆ ಇಡಿಸಿ ತೋರಿಸಿದರು. ಅದರ ನೆನಪಿಗೇ ಜುಲೈ 10 ಮೀನು ಕೃಷಿಕರ ದಿನ. ಅದು ಆಗದಿದ್ದರೆ ಈ ಕೆರೆಗಳಲ್ಲಿ ಕಾಟ್ಲಾ ಇಷ್ಟು ಸುಲಭಕ್ಕೆ ಬರುತ್ತಿರಲಿಲ್ಲ, ನನ್ನ ಪಕ್ಕೆಯ ಮೇಲೆ ಕೂಣಿಯ ಗುರುತೂ ಬೀಳುತ್ತಿರಲಿಲ್ಲ.

ಹತ್ತುಮೀನು ವಿಷಯ ಬೇರೆ. ಮೊದಲ ಮಳೆಗೆ ಹಳ್ಳ, ಗದ್ದೆಗೆ ಹತ್ತಿ ಬರುವ ನಾಡ ಮೀನುಗಳು ಮರಿ ಮಾಡಲೆಂದೇ ಬರುವುದು. ರಾತ್ರಿ ಟಾರ್ಚ್ ಹಿಡಿದು ಕತ್ತಿಯಲ್ಲಿ ಅವನ್ನು ಕಡಿಯುವುದು ಮಲೆನಾಡಿನಲ್ಲಿ ದೊಡ್ಡ ಸಂಭ್ರಮ. ನನಗೆ ಅದು ಯಾಕೋ ಹಿಡಿಸುವುದಿಲ್ಲ. ಬಿಟ್ಟ ಮೀನನ್ನು ಹಿಡಿಯುವುದಕ್ಕೂ, ಮೊಟ್ಟೆ ಇಡಲು ಬಂದದ್ದನ್ನು ಕಡಿಯುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಇದನ್ನು ಅಲ್ಲಿ ಹೇಳಿದೆ. ಮಾವ ಕೇಳಿಸದವರ ಹಾಗೆ ಎಲೆ ಅಡಿಕೆ ಹಾಕಿಕೊಂಡರು.

ತುಂಡುಗಳಿಗೆ ಉಪ್ಪು, ಅರಿಶಿನ ಸವರಿಟ್ಟು ತೊಳೆದರು. ಸಾರಿಗೆ ಅತ್ತೆ ಒಣಗಿಸಿದ ವಾಟೆಹುಳಿ ಹಾಕುತ್ತಾರೆ, ಕೈಬಿಚ್ಚಿ ಹಾಕುತ್ತಾರೆ. ಕೆರೆ ಮೀನಿನ ಕೆಸರು ವಾಸನೆಗೆ ಕಾರಣ ಜಿಯೋಸ್ಮಿನ್ ಅನ್ನುವ ವಸ್ತು. ಹೂಳಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಅದನ್ನು ಉಂಟುಮಾಡುತ್ತವೆ. ಮೊದಲ ಮಳೆಗೆ ಮಣ್ಣಿನಿಂದ ಬರುವ ಘಮದಲ್ಲೂ ಅದೇ ಇದೆ. ಮೂಗಿಗೆ ಹಿತ, ಸಾರಿನಲ್ಲಿ ಕಷ್ಟ. ಹುಳಿ ಬಿದ್ದರೆ ಅದು ಕಡಿಮೆಯಾಗುತ್ತದೆ. ಅತ್ತೆಗೆ ಜಿಯೋಸ್ಮಿನ್ ಹೆಸರು ಬೇಕಿಲ್ಲ. 'ಹುಳಿ ಮುಂದಿರ್ಬೇಕು, ಖಾರ ಹಿಂದೆ ಬರ್ಬೇಕು' ಅಷ್ಟೇ ಅವರ ಲೆಕ್ಕ. ಜೊತೆಗೆ ಅಕ್ಕಿ ರೊಟ್ಟಿ.

ಹಂಚಿಕೆ ಬೇರೆ ಕಥೆ. ಚೀಲ ಕೊಟ್ಟ ಅಜ್ಜನ ಮನೆಗೆ ನಡುತುಂಡು ಹೋಯಿತು. ಆಚೆ ತುದಿ ಹಿಡಿದ ಇಬ್ಬರಿಗೆ ಒಂದೊಂದು ಪಾಲು. ಕೂಣಿಗೆ ದುಡ್ಡು ಕಟ್ಟಿಯೂ ಏನೂ ಸಿಗದ ಪಕ್ಕದ ಮನೆಯವರಿಗೆ ಒಂದು ಡಬ್ಬಿ ಸಾರು. ತಲೆ ಮಾವನಿಗೆ, ಅದರಲ್ಲಿ ಚರ್ಚೆಯೇ ಇಲ್ಲ. ಹೆಂಡತಿಗೆ ಅಂತ ತೆಗೆದಿಟ್ಟ ನಾಲ್ಕು ತುಂಡನ್ನು ಹುರಿದು ಕೊಟ್ಟರು, ಹಾಳಾಗದಿರಲಿ ಅಂತ. ಫೋನಿನಲ್ಲಿ ಫೋಟೋ ನೋಡಿ ಅವಳು ಕೇಳಿದ ಮೊದಲ ಪ್ರಶ್ನೆ, 'ಯಾರ ಮೀನು ಹಿಡ್ಕೊಂಡು ನಿಂತಿದೀರಿ?' ಭಾಮೈದ ಫೋನ್ ಕಿತ್ತುಕೊಂಡು ಅರ್ಧ ಗಂಟೆ ಸಾಕ್ಷಿ ಹೇಳಿದ. ಅವನ ಕಥೆಯಲ್ಲಿ ಮೀನು ಎಂಟು ಕಿಲೋ ಆಗಿತ್ತು. ನಾನು ತಿದ್ದಲು ಹೋಗಲಿಲ್ಲ.

ಊಟವಾದ ಮೇಲೆ ಮಾವ ಜಗಲಿಯಲ್ಲಿ ಕೂಣಿ ಮಡಿಲಲ್ಲಿಟ್ಟುಕೊಂಡು ಮುರಿದ ಸೀಳು ಬಿಚ್ಚುತ್ತಿದ್ದರು. ಭಾಮೈದನ ಫೋನಿಗೆ ಮೆಸೇಜ್ ಬಂತು. ಮುಂದಿನ ಭಾನುವಾರ ಪಕ್ಕದೂರಿನ ಕೆರೆಯಂತೆ.

'ಕೂಣಿಗೆ ಎಷ್ಟಂತೆ?' ಅಂತ ಕೇಳಿದೆ.

'ಏಳ್ನೂರು. ದಂಡ ಭಾವ, ಆ ಕೆರೆಯಲ್ಲಿ ಬರೀ ಜಿಲೇಬಿ ಮೀನು ಇರೋದು' ಅಂದ.

ಮಾವ ತಲೆ ಎತ್ತಲಿಲ್ಲ. 'ಇದರ ಮೇಲಿನ ಬಾಯಿ ಸ್ವಲ್ಪ ಅಗಲ ಮಾಡ್ತೀನಿ' ಅಂದರು. 'ನೀವು ಶನಿವಾರ ರಾತ್ರಿನೇ ಬನ್ರಿ.'